ಕೈ ಜಾರಿದ ರ‍್ಯಾಮ್

ಟಕ್.

ದೊಡ್ಡ ಸದ್ದೇನಲ್ಲ. ಬಾಚಣಿಗೆ ಬಿದ್ದರೆ ಇದಕ್ಕಿಂತ ಜೋರಾಗಿ ಕೇಳಿಸುತ್ತದೆ. ಆದರೆ ಬಾಚಣಿಗೆ ಬಿದ್ದರೆ ಯಾರೂ ಉಸಿರು ಬಿಗಿಹಿಡಿದು ನಿಲ್ಲುವುದಿಲ್ಲ ಅಲ್ವಾ?

ಬಿದ್ದದ್ದು ಹೊಸ ರ‍್ಯಾಮ್. ಕಂಪ್ಯೂಟರಿನ ಮೆಮೊರಿ ಹಲಗೆ. ಡಿಡಿಆರ್5 ಅನ್ನುವ ತಲೆಮಾರಿನದ್ದು, 16 ಜಿಬಿಯದ್ದು, ಜೋಡಿಯಲ್ಲಿ ಒಂದು. ನಮ್ಮ ಕಂಪ್ಯೂಟರು ನಾಲ್ಕು ಕೆಲಸ ಒಟ್ಟಿಗೆ ಹೇಳಿದರೆ ಏದುಸಿರು ಬಿಡುತ್ತಿತ್ತು. ಒಳಗಿದ್ದ ಎರಡು 8 ಜಿಬಿ ತೆಗೆದು ಇವೆರಡನ್ನು ಹಾಕೋಣ, ಹತ್ತು ನಿಮಿಷದ ಕೆಲಸ ಅಂತ ಕೂತಿದ್ದೆ. ಪ್ಲಾಸ್ಟಿಕ್ ಗೂಡಿನಿಂದ ಎಬ್ಬಿಸಲು ಉಗುರು ಹಾಕಿದೆ. ಬರಲಿಲ್ಲ. ಇನ್ನೊಂಚೂರು ಮೀಟಿದೆ. ಆಗ ಬಂತು ನೋಡಿ, ಕಪ್ಪೆಯ ಹಾಗೆ ಜಿಗಿದು! ಮೇಜಿನ ಅಂಚಿಗೆ ಬಡಿಯಿತು, ಗಾಳಿಯಲ್ಲಿ ಒಂದು ಸುತ್ತು ತಿರುಗಿತು, ನೆಲ ಸೇರಿತು.

ಒಳಗಿನಿಂದ ಹೆಂಡತಿ ಕೂಗಿದಳು. "ಏನ್ರೀ ಅದು ಬಿದ್ದಿದ್ದು?"

"ಏನಿಲ್ಲ."

ಏನಿಲ್ಲ ಎಂದರೆ ಏನೋ ಇದೆ ಅಂತ ಅವಳಿಗೆ ಗೊತ್ತು. ಅವಳಿಗೆ ಗೊತ್ತು ಅಂತ ನನಗೂ ಗೊತ್ತು. ಇಬ್ಬರೂ ಸುಮ್ಮನಾದೆವು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬಿದ್ದ ಮಗುವನ್ನು ಎತ್ತಿಕೊಂಡು ಮೈ ಸವರುತ್ತೇವಲ್ಲ, ಹಾಗೆ ಎತ್ತಿಕೊಂಡೆ. ಉಫ್ ಉಫ್ ಅಂತ ಊದಿದೆ. ಆಮೇಲೆ ಹಾಕಿಕೊಂಡಿದ್ದ ಟೀ ಶರ್ಟಿನ ಅಂಚಿನಿಂದ ಅದರ ಕೆಳಂಚಿನ ಚಿನ್ನದ ಬಣ್ಣದ ಲೋಹದ ಹಲ್ಲುಗಳನ್ನು ಚೆನ್ನಾಗಿ ತಿಕ್ಕಿ ತಿಕ್ಕಿ ಒರೆಸಿದೆ. ಪಾಲಿಯೆಸ್ಟರ್ ಟೀ ಶರ್ಟು. ಅದನ್ನು ಯಾಕೆ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಹಾಕುವ ಕೆಲಸ ಅಲ್ಲಿಗೇ ನಿಂತಿತು. ತಪಾಸಣೆ ಶುರುವಾಯಿತು. ಬೂತಗನ್ನಡಿ ತಂದೆ. ಈ ರ‍್ಯಾಮ್‌ಗೆ ಎರಡೂ ಕಡೆ ಸೇರಿ 288 ಹಲ್ಲುಗಳಿರುತ್ತವೆ. ನಾನು ಎಣಿಸಿದೆ. ನಿಜವಾಗಿಯೂ. ಮೊದಲ ಸಲ 281 ಬಂತು. ಎದೆ ಝಲ್ ಅಂದಿತು. ಎರಡನೇ ಸಲ 290 ಬಂದಾಗ ಸ್ವಲ್ಪ ಸಮಾಧಾನವಾಯಿತು. ಬಿದ್ದ ಏಟಿಗೆ ಹಲ್ಲು ಉದುರಬಹುದು, ಹೊಸದಾಗಿ ಹುಟ್ಟಲಾರದಲ್ಲ.

ಆಮೇಲೆ ಕಂಡಿತು ಗೀರು. ಹಸಿರು ಹಲಗೆಯ ಒಂದು ಅಂಚಿನಲ್ಲಿ, ಇಲಿ ಕಡಿದ ಹಾಗೆ ಸ್ವಲ್ಪ ತರಿತರಿ. ಮುಗಿಯಿತು ಕಥೆ ಅಂದುಕೊಂಡೆ. ಯಾವುದಕ್ಕೂ ಇರಲಿ ಅಂತ ಬೀಳದೆ ಗೂಡಿನಲ್ಲೇ ಇದ್ದ ಇನ್ನೊಂದನ್ನು ನೋಡಿದೆ. ಅದರಲ್ಲೂ ಅದೇ ಜಾಗದಲ್ಲಿ ಅದೇ ತರಿ. ಕಾರ್ಖಾನೆಯಲ್ಲಿ ದೊಡ್ಡ ಹಲಗೆಯಿಂದ ಒಂದೊಂದನ್ನೇ ಬೇರ್ಪಡಿಸುವಾಗ ಉಳಿಯುವ ಗುರುತು ಅದು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ನೆಮ್ಮದಿಯಾಗುತ್ತಿದ್ದರು. ನನಗೆ ಹೊಳೆದದ್ದು ಬೇರೆ. ಅಂದರೆ ಇದನ್ನು ದಾರಿಯಲ್ಲಿ ಯಾರೋ ಬೀಳಿಸಿದ್ದಾರೆ!

ಇನ್ನು ನೆಲದ ಸರದಿ. ರ‍್ಯಾಮ್ ಮೇಲೆ ಇರುವೆ ತಲೆಯಷ್ಟು ಚಿಕ್ಕ ರೆಸಿಸ್ಟರು, ಕೆಪಾಸಿಟರುಗಳನ್ನು ಬೆಸುಗೆ ಹಾಕಿರುತ್ತಾರೆ. ಅಂಚಿಗೆ ಏಟು ಬಿದ್ದರೆ ಅವು ಕಿತ್ತುಬರಬಹುದು. ಕೈಯಲ್ಲಿ ಟಾರ್ಚು ಹಿಡಿದು, ಕೆನ್ನೆಯನ್ನು ನೆಲಕ್ಕೆ ಒತ್ತಿ, ಮೇಜಿನ ಕೆಳಗೆಲ್ಲ ತೆವಳಿದೆ. ಸಿಕ್ಕಿತು. ಒಂದೇ ಒಂದು ಕಪ್ಪು ಕಣ, ಹೊಳೆಯುತ್ತಿತ್ತು. ಒದ್ದೆ ಬೆರಳಿಗೆ ಅಂಟಿಸಿ ಎತ್ತಿ ಬಿಳಿ ಹಾಳೆಯ ಮೇಲೆ ಇಟ್ಟೆ. ಇನ್ನು ಇದು ಎಲ್ಲಿಂದ ಕಿತ್ತುಬಂತು ಅಂತ ಹುಡುಕಬೇಕು. ಅಷ್ಟರಲ್ಲಿ ಮಗಳು ಬಂದಳು. ಅದನ್ನು ಬೆರಳಿನಿಂದ ಒತ್ತಿ ಹಾಳೆಯ ಮೇಲೆ ಎಳೆದಳು. ಕಪ್ಪು ಗೆರೆ ಮೂಡಿತು.

"ಅಪ್ಪಾ, ಇದು ನನ್ನ ಪೆನ್ಸಿಲ್ ಮೊನೆ."

ರಾತ್ರಿ ನಿದ್ದೆ ಬರಲಿಲ್ಲ. ಮೊಬೈಲಿನಲ್ಲಿ ಓದುತ್ತಾ ಕೂತೆ. ಆತಂಕದಲ್ಲಿರುವವರು ರಾತ್ರಿ ಹೊತ್ತು ಮಾಡಬಾರದ ಕೆಲಸ ಅದೊಂದೇ. ಬೀಳುವುದರಿಂದ ರ‍್ಯಾಮ್‌ಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ ಅಂತ ಓದಿದೆ. ಹಗುರವಾದ ವಸ್ತು. ಒಳಗೆ ತಿರುಗುವಂಥದ್ದು, ಅಲುಗುವಂಥದ್ದು ಏನೂ ಇಲ್ಲ. ಹಾರ್ಡ್ ಡಿಸ್ಕ್ ಆಗಿದ್ದರೆ ಮಾತು ಬೇರೆ. ಅದರ ಓದುವ ಮೊನೆ, ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಚಾಲೂ ಇರುವಾಗ ಜೋರಾಗಿ ಕುಟ್ಟಿದರೂ ಕಷ್ಟ.

ಸರಿ, ಮಲಗೋಣ ಅಂದುಕೊಂಡೆ. ಆಗ ಸಿಕ್ಕಿತು ಮುಂದಿನ ಸಾಲು. ರ‍್ಯಾಮ್‌ಗೆ ಬೀಳುವುದಕ್ಕಿಂತ ದೊಡ್ಡ ಶತ್ರು ಸ್ಥಿರವಿದ್ಯುತ್ತು. ಸಿಂಥೆಟಿಕ್ ಬಟ್ಟೆಗೆ ಏನನ್ನಾದರೂ ತಿಕ್ಕಿದರೆ ಅದು ಹುಟ್ಟುತ್ತದೆ.

ಟೀ ಶರ್ಟು! ಬೀಳಿಸಿದ್ದಕ್ಕೆ ಏನೂ ಆಗಿಲ್ಲ. ಮುದ್ದು ಮಾಡಿದ್ದೇ ಮುಳುವಾಯಿತು.

ಇನ್ನೂ ಓದಿದೆ. ಮನುಷ್ಯನ ಬೆರಳಿಗೆ ಚುರುಕ್ ಅಂತ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಹರಿಯುವ ವಿದ್ಯುತ್ತು ತೀರಾ ಕಡಿಮೆ, ಅದೂ ಕ್ಷಣಮಾತ್ರ. ಅದಕ್ಕೇ ನಮಗೇನೂ ಆಗುವುದಿಲ್ಲ. ಆದರೆ ಕೆಲವು ಚಿಪ್‌ಗಳಿಗೆ 100 ವೋಲ್ಟ್ ಕೂಡ ಜಾಸ್ತಿ. ಅಂದರೆ ನನಗೆ ಏನೂ ಅನ್ನಿಸದೆ ಇರುವಾಗಲೇ ಅದರ ಕಥೆ ಮುಗಿದಿರಬಹುದು. ಇದಕ್ಕಿಂತ ಕೆಟ್ಟದ್ದೂ ಉಂಟು. ಏಟು ತಿಂದ ಚಿಪ್ ಇವತ್ತು ಸಾಯದೆ, ಚೆನ್ನಾಗಿಯೇ ಕೆಲಸ ಮಾಡಿ, ಕೆಲವು ತಿಂಗಳ ಮೇಲೆ ಕೈಕೊಡಬಹುದು. ನನ್ನಂಥವರನ್ನು ಗೋಳಾಡಿಸಲೆಂದೇ ಪ್ರಕೃತಿ ಈ ಏರ್ಪಾಡು ಮಾಡಿರಬೇಕು.

ಮೂರು ದಿನ ರ‍್ಯಾಮ್ ಮೇಜಿನ ಮೇಲೇ ಇತ್ತು. ಹಳೆಯ ಯಾವುದೋ ಬಿಡಿಭಾಗದ ಜೊತೆ ಬಂದಿದ್ದ ಬೆಳ್ಳಿ ಬಣ್ಣದ ಚೀಲ ಹುಡುಕಿ, ಅದರ ಮೇಲೆ ಭಕ್ತಿಯಿಂದ ಇಟ್ಟಿದ್ದೆ. ಚೀಲದ ಪದರದಲ್ಲಿರುವ ತೆಳು ಲೋಹ ಒಳಗಿಟ್ಟದ್ದನ್ನು ಕಾಯುತ್ತದೆ, ಮೇಲಿಟ್ಟದ್ದನ್ನಲ್ಲ ಅಂತ ಮಾರನೇ ದಿನ ತಿಳಿಯಿತು. ಕೊಡೆ ಹಾಸಿಕೊಂಡು ಅದರ ಮೇಲೆ ಮಲಗಿ ಮಳೆಯಲ್ಲಿ ನೆನೆದ ಹಾಗಾಯಿತು.

"ಹಾಕಿ ನೋಡ್ರೀ, ಗೊತ್ತಾಗುತ್ತೆ" ಅಂದಳು ಹೆಂಡತಿ.

ಅದೇ ಸಮಸ್ಯೆ. ಹಾಕಿದರೆ ಗೊತ್ತಾಗುತ್ತದೆ. ಹಾಕದಿದ್ದರೆ ಅದು ಇನ್ನೂ ಹಾಳಾಗಿಲ್ಲ. ಗೆಳೆಯನಿಗೆ ಫೋನ್ ಮಾಡಿದೆ. ವಾಪಸ್ ಕಳಿಸಿ, ಬಂದಾಗಲೇ ಹೀಗಿತ್ತು ಅಂದರೆ ಹೇಗೆ ಅಂತ ಕೇಳಿದೆ. "ಹೀಗಿತ್ತು ಅಂದ್ರೆ ಹೇಗಿತ್ತೋ? ನೀನು ಹಾಕೇ ಇಲ್ವಲ್ಲೋ!" ಅಂದ. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಾಲ್ಕನೇ ದಿನ ಕೂತೆ. ಈ ಸಲ ಸಕಲ ಸಿದ್ಧತೆ. ಹತ್ತಿ ಬನಿಯನ್ನು, ಬರಿಗಾಲು. ಕಂಪ್ಯೂಟರಿನ ವೈರು ಕಿತ್ತೆ. ಒಳಗೆ ಉಳಿದ ಕರೆಂಟೂ ಹೋಗಲಿ ಅಂತ ಪವರ್ ಬಟನ್ ಒತ್ತಿದೆ. ನಿಮಿಷಕ್ಕೊಮ್ಮೆ ಕ್ಯಾಬಿನೆಟ್ಟಿನ ಒಳಗಿನ ಬರಿ ಲೋಹ ಮುಟ್ಟಿದೆ. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಪ್ಪ ಯಾಕೆ ಅದನ್ನ ಮುಟ್ಟಿ ಮುಟ್ಟಿ ನೋಡ್ತಿದಾರೆ?" ಅಂತ ಅಮ್ಮನನ್ನು ಕೇಳಿದಳು. ಅಮ್ಮ ಏನು ಹೇಳಿದಳೋ, ಇಬ್ಬರೂ ನಕ್ಕರು.

ಹಳೆಯವೆರಡನ್ನು ತೆಗೆದು ಮೇಜಿನ ಮೇಲಿಟ್ಟೆ. ಹೊಸದರ ಕಚ್ಚು ಸರಿಯಾದ ಕಡೆಗಿದೆಯೇ ಅಂತ ನೋಡಿ ಸ್ಲಾಟಿಗೆ ಇಟ್ಟೆ. ಈಗ ಒತ್ತಬೇಕು. ಮೆತ್ತಗೆ ಒತ್ತಿದರೆ ಕೂರುವುದಿಲ್ಲ. ಎರಡೂ ಹೆಬ್ಬೆರಳಿನಿಂದ ಅಮುಕಬೇಕು. ಸ್ಲಾಟು ಇರುವ ದೊಡ್ಡ ಹಲಗೆ, ಮದರ್‌ಬೋರ್ಡು, ಬಾಗುವುದು ಕಣ್ಣಿಗೇ ಕಾಣುತ್ತದೆ. ಎರಡೂವರೆ ಅಡಿಯಿಂದ ಬಿದ್ದದ್ದಕ್ಕೆ ಮೂರು ದಿನ ಕೊರಗಿದವನು ಈಗ ಬೇಕಂತಲೇ ಅದರ ನೆತ್ತಿಯ ಮೇಲೆ ಭಾರ ಹಾಕಬೇಕು! ಕಣ್ಣು ಮುಚ್ಚಿ ಒತ್ತಿದೆ. ಟಕ್. ಅದೇ ಸದ್ದು. ಆದರೆ ಈ ಸಲ ಅದು ಕೊಕ್ಕೆ ಕಚ್ಚಿಕೊಂಡ ಸದ್ದು.

ಎರಡನ್ನೂ ಕೂರಿಸಿ, ಬಟನ್ ಒತ್ತಿದೆ. ಫ್ಯಾನು ತಿರುಗಿತು. ಪರದೆ ಕಪ್ಪು. ಮದರ್‌ಬೋರ್ಡಿನ ಮೂಲೆಯಲ್ಲಿ ಹಳದಿ ದೀಪ. ಅದರ ಪಕ್ಕದಲ್ಲಿ ಡಿರ‍್ಯಾಮ್ ಅಂತ ಬರೆದಿತ್ತು. ಅಂದರೆ ರ‍್ಯಾಮೇ.

ಒಂದು ನಿಮಿಷ. ಪರದೆ ಕಪ್ಪು. ಎರಡು ನಿಮಿಷ. ಮುಗಿಯಿತು, ಕೊಂದೆ ಅಂದುಕೊಂಡೆ. ಬೀಳಿಸಿ ಕೊಂದೆನೋ, ಒರೆಸಿ ಕೊಂದೆನೋ, ಈಗ ಅಮುಕಿ ಕೊಂದೆನೋ ಅನ್ನುವುದಷ್ಟೇ ಬಾಕಿ. ಆಫ್ ಮಾಡೋಣ ಅಂತ ಬಟನ್ ಮೇಲೆ ಬೆರಳಿಟ್ಟೆ.

"ಇರಿ ಸ್ವಲ್ಪ" ಅಂದಳು ಹೆಂಡತಿ. ಕಂಪ್ಯೂಟರು ಕೊಂಡ ದಿನದಿಂದ ಯಾರೂ ತೆರೆಯದ ಮದರ್‌ಬೋರ್ಡಿನ ಪುಸ್ತಕ ಅವಳ ಕೈಯಲ್ಲಿತ್ತು. "ಹೊಸ ಮೆಮೊರಿ ಹಾಕಿದಾಗ ಮೊದಲ ಸಲ ಕೆಲವು ನಿಮಿಷ ಪರದೆ ಖಾಲಿ ಇರುತ್ತಂತೆ. ಆಫ್ ಮಾಡಬೇಡಿ ಅಂತ ದಪ್ಪಕ್ಷರದಲ್ಲಿ ಹಾಕಿದಾರೆ."

ಡಿಡಿಆರ್5 ಹಾಗೇ ಅಂತೆ. ಹೊಸದಾಗಿ ಬಂದದ್ದು ಎಷ್ಟು ವೇಗ ತಡೆಯುತ್ತದೆ, ಸಂಕೇತ ಯಾವ ಗಳಿಗೆಯಲ್ಲಿ ಕೊಟ್ಟರೆ ಸರಿಯಾಗಿ ಮುಟ್ಟುತ್ತದೆ ಅಂತ ಯಂತ್ರ ತಾನೇ ಪರೀಕ್ಷೆ ಮಾಡಿ ಹೊಂದಿಸಿಕೊಳ್ಳುತ್ತದೆ. ಸ್ಥಿರವಿದ್ಯುತ್ತಿನ ಬಗ್ಗೆ ಎರಡು ರಾತ್ರಿ ಓದಿದವನಿಗೆ ಈ ಒಂದು ಸಾಲು ಕಣ್ಣಿಗೆ ಬಿದ್ದಿರಲಿಲ್ಲ.

ನಾಲ್ಕನೇ ನಿಮಿಷಕ್ಕೆ ಪರದೆ ಬೆಳಗಿತು. 32 ಜಿಬಿ ಅಂತ ತೋರಿಸಿತು. ಕುರ್ಚಿಯಿಂದ ಜಿಗಿದು ಎದ್ದೆ. ಮೊಣಕೈ ಮೇಜಿಗೆ ತಾಗಿತು.

ಟಕ್.

"ಏನ್ರೀ ಬಿದ್ದಿದ್ದು?"

"ಹಳೇ ರ‍್ಯಾಮ್" ಅಂದೆ. ಬಗ್ಗುವುದಕ್ಕೆ ಸೋಮಾರಿತನವಾಗಿ ಕಾಲಿನಿಂದಲೇ ಗೋಡೆಯ ಕಡೆಗೆ ಸರಿಸಿದೆ.