ಕುರಿಗೆ ಸದಸ್ಯತ್ವ ಇಲ್ಲ

1890ರ ದಶಕದಲ್ಲಿ ಬ್ರಿಟನ್ನಿನ ಹಳ್ಳಿಗಳಿಗೆ ಗಾಲ್ಫ್ ಜ್ವರ ಬಡಿಯಿತು. ಕ್ಲಬ್ ಕಟ್ಟುವುದು ಬಲು ಸುಲಭ. ಜಮೀನ್ದಾರರು ಅಧ್ಯಕ್ಷರು. ಪಾದ್ರಿ, ಡಾಕ್ಟರು, ಬ್ಯಾಂಕ್ ಮ್ಯಾನೇಜರು ಸಮಿತಿಯವರು. ಉಳಿದ ಸದಸ್ಯರು? ಹೆಚ್ಚುಕಮ್ಮಿ ಅಷ್ಟೇ ಜನ. ಇನ್ನು ಬೇಕಾದದ್ದು ಮೈದಾನ. ಅದು ಯಾವನೋ ರೈತನ ಹುಲ್ಲುಗಾವಲು. ಅಲ್ಲಿ ಆಗಲೇ ಕುರಿಗಳು ಮೇಯುತ್ತಿದ್ದವು.

ಕುರಿಗಳಿಲ್ಲದಿದ್ದರೆ ಈ ಕ್ಲಬ್ಬುಗಳು ಒಂದು ಬೇಸಿಗೆಯನ್ನೂ ದಾಟುತ್ತಿರಲಿಲ್ಲ. ಹುಲ್ಲು ಕತ್ತರಿಸಲು ಆಳಿಡುವಷ್ಟು ದುಡ್ಡು ಎಲ್ಲಿತ್ತು? ಬೆಳಗಿಂದ ಸಂಜೆವರೆಗೆ ಪುಕ್ಕಟೆ ಮೇದು ಮೈದಾನವನ್ನು ನುಣ್ಣಗೆ ಇಟ್ಟಿದ್ದು ಕುರಿಗಳೇ. ಅದಕ್ಕೆ ಸಮಿತಿ ಕೊಟ್ಟ ಬಹುಮಾನ, ಚೆಂಡು ಬೀಳಿಸುವ ಕುಳಿಗಳ ಸುತ್ತ ತಂತಿಬೇಲಿ. ಚೆಂಡು ಬೇಲಿಗೆ ಬಡಿದು ವಾಪಸ್ ಬಂದರೆ ಏನು ಮಾಡಬೇಕು? ಅದಕ್ಕೊಂದು ಸ್ಥಳೀಯ ನಿಯಮ. ಸೆಗಣಿಯಲ್ಲಿ ಹೂತುಕೊಂಡರೆ? ಅದಕ್ಕೆ ಇನ್ನೊಂದು: ಎತ್ತಿ, ಒರೆಸಿ, ಪಕ್ಕಕ್ಕೆ ಹಾಕಬಹುದು. ಒರೆಸುವ ಕೆಲಸ ಪಾದ್ರಿಗಳದ್ದಲ್ಲ, ಅವರ ಚೀಲ ಹೊತ್ತ ಹಳ್ಳಿ ಹುಡುಗನದ್ದು ಅಂತ ಬಿಡಿಸಿ ಹೇಳಬೇಕಾ?

1891ರಲ್ಲಿ ಗಾಲ್ಫಿನ ನಿಯಮ ಬರೆಯುವ, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್ ಕ್ಲಬ್ಬಿನ ದೊಡ್ಡವರು ಕುಳಿಯ ಅಗಲ ನಾಲ್ಕೂಕಾಲು ಇಂಚೇ ಇರಬೇಕು ಅಂತ ಗೊತ್ತುಮಾಡಿದರು. ಮೊಲಗಳಿಗೆ ಸುತ್ತೋಲೆ ತಲುಪಲಿಲ್ಲ. ಅವು ತೋಚಿದ ಕಡೆ, ತೋಚಿದ ಅಳತೆಗೆ ತೋಡುತ್ತಲೇ ಇದ್ದವು.

ನಿಯಮದ ಹುಚ್ಚು ಈ ಆಟಕ್ಕೆ ಹೊಸದೇನಲ್ಲ. 1457ರಲ್ಲಿ, ಎರಡನೇ ಜೇಮ್ಸ್ ದೊರೆಯಾಗಿದ್ದಾಗ, ಸ್ಕಾಟ್ಲೆಂಡಿನಲ್ಲಿ ಗಾಲ್ಫನ್ನೇ ನಿಷೇಧಿಸಿದ್ದರು. ಗಂಡಸರೆಲ್ಲ ಬಿಲ್ಲು ಬಿಟ್ಟು ಚೆಂಡಿನ ಹಿಂದೆ ಹೋದರೆ ದೇಶ ಕಾಯೋರು ಯಾರು? ಮೊಮ್ಮಗ ನಾಲ್ಕನೇ ಜೇಮ್ಸ್ ಕಾಲದಲ್ಲಿ, 1491ರಲ್ಲಿ, ಅದೇ ನಿಷೇಧ ಮತ್ತೆ ಬಂತು. 1502ರಲ್ಲಿ ಅದೇ ಮೊಮ್ಮಗ ಗಾಲ್ಫ್ ಕೋಲು ಕೊಂಡ. ಯಾರ ಹತ್ತಿರ? ಪರ್ತ್ ಊರಿನ ಬಿಲ್ಲು ಮಾಡುವವನ ಹತ್ತಿರ! ಹದಿನಾಲ್ಕು ಶಿಲಿಂಗ್ ಕೊಟ್ಟದ್ದು ಅರಮನೆಯ ಲೆಕ್ಕದಲ್ಲೇ ಇದೆ. ಬಿಲ್ಲುಗಾರಿಕೆಗೆ ಪ್ರೋತ್ಸಾಹ ಅಂದರೆ ಇದೇ ಅಲ್ವಾ?

ಇರಲಿ, ಹಳ್ಳಿಗೆ ವಾಪಸ್ ಬರೋಣ. 1914ರಲ್ಲಿ ಯುದ್ಧ ಶುರುವಾಯಿತು. ಆಡುವ ವಯಸ್ಸಿನವರು ಹೋದರು, ಚೀಲ ಹೊರುವವರೂ ಹೋದರು. ಸಮಿತಿ ಮಾತ್ರ ಅಲ್ಲಾಡಲಿಲ್ಲ. 1917ರ ಹೊತ್ತಿಗೆ ಜರ್ಮನ್ ಜಲಾಂತರ್ಗಾಮಿಗಳು ದವಸದ ಹಡಗುಗಳನ್ನು ಮುಳುಗಿಸತೊಡಗಿದವು. ಖಾಲಿ ಹುಲ್ಲುಗಾವಲು ಉತ್ತು ಬೆಳೆ ತೆಗೆಯಿರಿ ಅಂತ ಸರ್ಕಾರ ದುಂಬಾಲು ಬಿತ್ತು. ನೇಗಿಲು ಬಂತು. ಎಷ್ಟೋ ಸಣ್ಣ ಕ್ಲಬ್ಬುಗಳು ಅಲ್ಲಿಗೆ ಮುಗಿದವು. ಆಲೂಗಡ್ಡೆ ಯಾವ ಸಮಿತಿಯ ಅಪ್ಪಣೆಗೂ ಕಾಯಲಿಲ್ಲ.

ಬದುಕಿ ಉಳಿದ ಕ್ಲಬ್ಬುಗಳಾದರೂ ಬದಲಾದವಾ? 1940ರಲ್ಲಿ ಲಂಡನ್ ಪಕ್ಕದ ರಿಚ್ಮಂಡ್ ಗಾಲ್ಫ್ ಕ್ಲಬ್ ಯುದ್ಧಕಾಲದ ತಾತ್ಕಾಲಿಕ ನಿಯಮಗಳನ್ನು ಹೊರಡಿಸಿತು. ಆಟಗಾರರು ಬಾಂಬಿನ ಚೂರುಗಳನ್ನು ಹೆಕ್ಕಬೇಕು. ಯಾಕೆ? ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ಟಾಗಬಾರದು! ಕುರಿಗಳ ಬಗ್ಗೆ ಯಾರೂ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಕೋಲು ಬೀಸುವ ಹೊತ್ತಿಗೆ ಸರಿಯಾಗಿ ಬಾಂಬ್ ಸಿಡಿದು ಹೊಡೆತ ಕೆಟ್ಟರೆ ಇನ್ನೊಂದು ಚೆಂಡು ಹೊಡೆಯಬಹುದು. ಆದರೆ ಸುಮ್ನೆ ಅಲ್ಲ. ಒಂದು ಹೊಡೆತ ದಂಡ. ಆಟಗಾರನಿಗೆ!