ರಜೆಯ ಬುಕಿಂಗ್ ಬದಲಾದರೆ ಫೀಸ್ ಯಾಕೆ ಕೊಡಬೇಕು?

ಜುಲೈ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು. "ಊರಿಂದ ಅಮ್ಮ ಬರ್ತಿದ್ದಾರೆ, ಆಗಸ್ಟಿನಲ್ಲಿ ಮಗು ಬರಲ್ಲ." "ಬೆಂಗಳೂರಿಗೆ ಟಿಕೆಟ್ ಸಿಕ್ತು, ಮೂರು ವಾರ ಬೇಡ." ಕೆಳಗೆ ಇನ್ನೊಂದು ಸಾಲು: "ಆ ದಿನಗಳ ಫೀಸ್ ಬಿಡ್ತೀರಿ ಅಲ್ವಾ?"

ನಾನು ಇಂಗ್ಲೆಂಡಿನಲ್ಲಿ ಚೈಲ್ಡ್‌ಮೈಂಡರ್. ನನ್ನ ಮನೆಯಲ್ಲೇ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಶಾಲೆ, ಶಿಶುಪಾಲನೆಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನಲ್ಲಿ ನೋಂದಣಿ ಆಗಿದೆ. ಕೊನೇ ಗಳಿಗೆಯಲ್ಲಿ ರದ್ದಾದ ದಿನಗಳ ಫೀಸನ್ನು ನಾನು ಬಿಡುವುದಿಲ್ಲ. ಇದು ದುರಾಸೆ ಅಂತ ಕೆಲವರಿಗೆ ಅನಿಸಿದೆ. ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ.

ಇಲ್ಲಿ ಒಬ್ಬ ಚೈಲ್ಡ್‌ಮೈಂಡರ್ ಸಾಮಾನ್ಯವಾಗಿ ಒಂದು ಹೊತ್ತಿಗೆ 8 ವರ್ಷದೊಳಗಿನ 6 ಮಕ್ಕಳನ್ನು ಮಾತ್ರ ನೋಡಿಕೊಳ್ಳಬಹುದು. ಅದರಲ್ಲೂ 5 ವರ್ಷದೊಳಗಿನ ಚಿಕ್ಕವರು ಮೂವರೇ. ಸ್ವಂತ ಮಕ್ಕಳೂ ಈ ಲೆಕ್ಕಕ್ಕೆ ಸೇರುತ್ತಾರೆ. ಶಾಲೆ ಇರುವಾಗ ದೊಡ್ಡ ಮಕ್ಕಳು ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಇರುತ್ತಾರೆ. ರಜೆ ಬಂದರೆ ಅವರೇ ಇಡೀ ದಿನ ಇರುತ್ತಾರೆ. ಜಾಗ ತಟ್ಟನೆ ತುಂಬಿಹೋಗುತ್ತದೆ. ಜುಲೈ ಕೊನೆಗೆ ಶುರುವಾಗುವ ಇಲ್ಲಿನ ಬೇಸಿಗೆ ರಜೆಯ ಆರು ವಾರಕ್ಕೆ ಜನ ಮಾರ್ಚ್‌ನಲ್ಲೇ ಕೇಳಲು ಶುರು ಮಾಡುತ್ತಾರೆ. ನಿಮ್ಮ ಮಗುವಿಗೆ ಅಂತ ಜಾಗ ಇಟ್ಟಿರುವುದರಿಂದ ನಾನು ಇನ್ನೊಬ್ಬ ತಾಯಿಗೆ "ಖಾಲಿ ಇಲ್ಲ" ಅಂದಿರುತ್ತೇನೆ. ಆಕೆ ಬೇರೆ ಕಡೆ ಗೊತ್ತು ಮಾಡಿಕೊಂಡು ಹೋಗಿರುತ್ತಾಳೆ. ಜುಲೈ ಕೊನೆಗೆ ನೀವು ಬೇಡ ಅಂದಾಗ ನಾನು ಮತ್ತೆ ಯಾರನ್ನು ಹುಡುಕಲಿ? ವಿಮಾನದ ಸೀಟು ಕೊನೇ ದಿನ ಬೇಡ ಅಂದರೆ ಪೂರ್ತಿ ದುಡ್ಡು ವಾಪಸ್ ಬರುತ್ತದೆ ಅಂತ ನಾವ್ಯಾರೂ ಕಾಯುವುದಿಲ್ಲ, ಅಲ್ವಾ?

ದಿನ ಬದಲಾಯಿಸುವುದೂ ಹಾಗೇ. "ಮಂಗಳವಾರದ ಬದಲು ಗುರುವಾರ ಕಳಿಸ್ತೀನಿ, ಲೆಕ್ಕ ಸರಿಹೋಯ್ತಲ್ಲ" ಅನ್ನುತ್ತಾರೆ. ಸರಿಹೋಗುವುದಿಲ್ಲ. ಗುರುವಾರ ಆಗಲೇ ಆರು ಮಕ್ಕಳಿದ್ದರೆ ಏಳನೆಯದನ್ನು ಸೇರಿಸಿಕೊಳ್ಳಲು ಆಗುವುದಿಲ್ಲ. ಮಂಗಳವಾರದ ಜಾಗ ಸುಮ್ನೆ ಖಾಲಿ ಉಳಿಯುತ್ತದೆ.

"ಸರ್ಕಾರ ವಾರಕ್ಕೆ 30 ಗಂಟೆ ಮಕ್ಕಳ ಆರೈಕೆ ಉಚಿತವಾಗಿ ಕೊಡುತ್ತಲ್ಲ" ಅಂತಲೂ ಕೇಳುತ್ತಾರೆ. ಅದು ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ, ಅದೂ ವರ್ಷಕ್ಕೆ 38 ವಾರದ ಲೆಕ್ಕದಲ್ಲಿ. ಶಾಲೆಗೆ ಹೋಗುವ ಮಗುವಿನ ರಜೆಯ ದಿನಕ್ಕೆ ಅದು ಬರುವುದಿಲ್ಲ. ಟ್ಯಾಕ್ಸ್ ಫ್ರೀ ಚೈಲ್ಡ್‌ಕೇರ್ ಖಾತೆ ಮಾತ್ರ ರಜೆಗೂ ಆಗುತ್ತದೆ. ನೀವು 8 ಪೌಂಡ್ ಹಾಕಿದರೆ ಸರ್ಕಾರ 2 ಪೌಂಡ್ ಸೇರಿಸುತ್ತದೆ. ದುಡಿಯುವ ಎಷ್ಟೋ ಅಪ್ಪ ಅಮ್ಮಂದಿರು ಇನ್ನೂ ಅದನ್ನು ತೆರೆದೇ ಇಲ್ಲ. ದಯವಿಟ್ಟು ತೆರೆಯಿರಿ.

ನನ್ನ ಒಪ್ಪಂದದಲ್ಲಿ ಇರುವುದು ಇಷ್ಟು. ನಾಲ್ಕು ವಾರ ಮೊದಲೇ ಹೇಳಿದರೆ ಏನೂ ಕೊಡಬೇಕಿಲ್ಲ. ಎರಡು ವಾರ ಮೊದಲಾದರೆ ಅರ್ಧ. ಅದಕ್ಕಿಂತ ತಡವಾದರೆ ಪೂರ್ತಿ. ಆ ಜಾಗಕ್ಕೆ ಬೇರೆ ಮಗು ಬಂದರೆ ನಿಮ್ಮ ದುಡ್ಡು ವಾಪಸ್. ನಾನೇ ಹುಷಾರಿಲ್ಲದೆ ಮಲಗಿದರೆ, ನಾನೇ ರಜೆ ಹಾಕಿದರೆ, ಒಂದು ಪೆನ್ನಿಯೂ ಕೇಳುವುದಿಲ್ಲ. ಈ ಕೊನೆಯ ಎರಡು ಮಾತು ಪ್ರತಿಯೊಬ್ಬ ಚೈಲ್ಡ್‌ಮೈಂಡರ್ ಒಪ್ಪಂದದಲ್ಲೂ ಇರಬೇಕು. ಒಂದೇ ಜಾಗಕ್ಕೆ ಎರಡು ಮನೆಯಿಂದ ದುಡ್ಡು ತೆಗೆದುಕೊಳ್ಳುವುದು ತಪ್ಪು. ಒಪ್ಪಂದದ ಷರತ್ತು ಗ್ರಾಹಕರಿಗೆ ಅನ್ಯಾಯ ಮಾಡುವಂತಿದ್ದರೆ ಅದು ಅವರನ್ನು ಕಟ್ಟಿಹಾಕುವುದಿಲ್ಲ ಅಂತ ಇಲ್ಲಿನ 2015ರ ಗ್ರಾಹಕ ಹಕ್ಕು ಕಾಯ್ದೆಯೂ ಹೇಳುತ್ತದೆ.

ನನಗೆ ನಿಜಕ್ಕೂ ನೋವಾಗುವುದು "ನಮ್ಮವರೇ ಅಲ್ವಾ, ಅಡ್ಜಸ್ಟ್ ಮಾಡಿ" ಅನ್ನುವ ಮಾತಿನಿಂದ. ಇಂಗ್ಲಿಷರ ಮನೆಯವರು ಸಹಿ ಹಾಕಿದ ಕಾಗದ ನೋಡಿ ದುಡ್ಡು ಕಳಿಸುತ್ತಾರೆ. ನಮ್ಮ ಕನ್ನಡದವರು ಹಬ್ಬಕ್ಕೆ ಕರೆಯುತ್ತಾರೆ, ಪ್ರೀತಿಯಿಂದ ಊಟ ಹಾಕುತ್ತಾರೆ, ಫೀಸಿನ ಮಾತು ಬಂದಾಗ ಮುಖ ಸಣ್ಣಗೆ ಮಾಡುತ್ತಾರೆ. ನಿಮ್ಮ ಮಗುವಿಗೆ ಅನ್ನ ಸಾರು ಕಲಸಿ ತಿನ್ನಿಸಿ, ಕನ್ನಡದಲ್ಲೇ ಮಾತಾಡಿಸುವವಳು ನಾನು. ನನಗೆ ಸಂಬಳದ ರಜೆ ಇಲ್ಲ. ನಮ್ಮವರೇ ಆದ್ದರಿಂದ ನನ್ನ ಬಾಡಿಗೆಯ ಚಿಂತೆ ನಿಮಗೆ ಬೇಗ ಅರ್ಥವಾಗಬೇಕಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಆಗಿರುವವರ ವಿಷಯ ಬೇರೆ. ಅವರ ಶಿಫ್ಟ್ ಅವರ ಕೈಯಲ್ಲಿರುವುದಿಲ್ಲ. ಅಂಥವರಿಗೆ ನಾನು ದಿನ ನಿಗದಿ ಮಾಡದೆ ವಾರಕ್ಕೆ ಇಷ್ಟು ದಿನ ಅಂತ ಬರೆದುಕೊಳ್ಳುತ್ತೇನೆ. ರೋಟಾ, ಅಂದರೆ ಶಿಫ್ಟ್ ಪಟ್ಟಿ, ಕೈಗೆ ಬಂದ ದಿನವೇ ಅದರ ಫೋಟೋ ನನಗೆ ಕಳಿಸಿದರೆ ಸಾಕು, ಉಳಿದ ಮಕ್ಕಳ ದಿನಗಳನ್ನು ನೋಡಿ ಹೊಂದಿಸುತ್ತೇನೆ.