ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೂ ನೇರ ಉತ್ತರ ಇಲ್ಲ

ಕೇಸು ಗೆಲ್ಲಿಸಿ ಕೊಡಿ ಅಂತ ವಕೀಲರನ್ನ ಕೇಳಿರಲಿಲ್ಲ. ಚೆಕ್ ಬೌನ್ಸ್ ಆಗಿದೆ, ನೋಟಿಸ್ ಕಳಿಸೋಕೆ ಎಷ್ಟು ದಿನ ಟೈಮ್ ಇರುತ್ತೆ ಅಂತ ಕೇಳಿದ್ದು, ಅಷ್ಟೇ. "ಪೇಪರ್ಸ್ ತಗೊಂಡು ಆಫೀಸಿಗೆ ಬನ್ನಿ, ನೋಡೋಣ" ಅಂದ್ರು. ಹೋದ್ರೆ ಸಾಹೇಬರು ಕೋರ್ಟಲ್ಲಿ. ಫೋನ್ ಎತ್ತಲ್ಲ. ಜೂನಿಯರ್‌ನ ಕೇಳಿದ್ರೆ "ಸರ್ ಬರ್ಲಿ, ಸರ್ ಹೇಳ್ತಾರೆ". ಕೊನೆಗೂ ಸರ್ ಬಂದ್ರು. ಚೆಕ್ ವಾಪಸ್ ಆಗಿದೆ ಅಂತ ಬ್ಯಾಂಕ್ ಕೊಟ್ಟ ಚೀಟಿ, ಅಂದ್ರೆ ರಿಟರ್ನ್ ಮೆಮೊ, ಅದರ ಮೇಲಿದ್ದ ತಾರೀಕು ಕೂಡ ನೋಡಲಿಲ್ಲ, ಕೋರ್ಟಲ್ಲಿ ನಮ್ಮ ಪರ ವಾದಿಸೋ ಅಧಿಕಾರ ಕೊಡೋ ವಕಾಲತ್ತಿನ ಹಾಳೆ ಮುಂದಕ್ಕೆ ತಳ್ಳಿ "ಇಲ್ಲೊಂದು ಸೈನ್ ಹಾಕಿ" ಅಂದ್ರು.

ಯಾವ ಕೇಸಿಗೆ ಸೈನ್? ಇನ್ನೂ ನೋಟಿಸೇ ಹೋಗಿಲ್ಲ!

ಇದೇನು ಬ್ರಹ್ಮವಿದ್ಯೆಯಾ? ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ನಲ್ಲಿ ಬರೆದೇ ಇದೆ. ಚೆಕ್ ವಾಪಸ್ ಬಂದದ್ದು ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಕೈಸೇರಿದ ಮೇಲೆ ದುಡ್ಡು ಕಟ್ಟೋಕೆ ಚೆಕ್ ಕೊಟ್ಟವನಿಗೆ 15 ದಿನ. ಕಟ್ಟದಿದ್ರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು, ಇದು ಅದೇ ಕಾಯ್ದೆಯ 142ನೇ ಸೆಕ್ಷನ್ನಲ್ಲಿದೆ. ಹೇಳೋಕೆ ಒಂದು ನಿಮಿಷ ಸಾಕು. ದೂರು ತಡವಾದ್ರೆ ಸರಿಯಾದ ಕಾರಣ ಕೊಟ್ಟು ಕೋರ್ಟನ್ನ ಒಪ್ಪಿಸಬಹುದು. ನೋಟಿಸಿನ ಗಡುವು ದಾಟಿ, ಚೆಕ್ಕಿನ ಮೂರು ತಿಂಗಳ ಅವಧಿಯೂ ಮುಗಿದಿದ್ರೆ? ಮತ್ತೊಮ್ಮೆ ಬ್ಯಾಂಕಿಗೆ ಹಾಕೋಕೂ ಆಗಲ್ಲ, 138ನೇ ಸೆಕ್ಷನ್ನಿನ ಬಾಗಿಲೇ ಮುಚ್ಚಿತು. ಇದು ಅವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ "ನೋಡೋಣ, ಅರ್ಜೆಂಟ್ ಏನಿಲ್ಲ" ಅಂತಾರಲ್ಲ, ಅದಕ್ಕೇ ಮೈ ಉರಿಯೋದು.

ಫೀಸು ಕೊಡಲ್ಲ ಅಂದೋರು ಯಾರು? ಸಲಹೆಗೆ ಇಷ್ಟು ಅಂತ ಬಾಯಿಬಿಟ್ಟು ಹೇಳಿ, ಎಣಿಸಿ ಕೊಡ್ತೀವಿ. ದುಡ್ಡು ಎಷ್ಟು ಅಂತಾನೂ ಹೇಳಲ್ಲ, ಉತ್ತರಾನೂ ಹೇಳಲ್ಲ, "ಮೊದಲು ಫೈಲ್ ಮಾಡೋಣ" ಅಂತಾರೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ರೆ ಸರ್ಕಾರಿ ಕಚೇರಿಯೇ 30 ದಿನದೊಳಗೆ ಉತ್ತರ ಕೊಡಬೇಕು. ಇವರಿಗೆ ಯಾವ ಗಡುವೂ ಇಲ್ಲ.

ಇನ್ನೊಂದು ಅನ್ಯಾಯ ಕೇಳಿ. ಬಾಡಿಗೆ ಮನೆ ಅಡ್ವಾನ್ಸ್ ವಾಪಸ್ ಸಿಗದೆ, ಜೀವನಾಂಶ ಸಿಗದೆ ಎಷ್ಟೋ ಹೆಂಗಸರು ಸಾಲ ಮಾಡಿ ವಕೀಲರ ಬಾಗಿಲು ಕಾಯ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯೋ ಹಕ್ಕಿದೆ. ಪ್ರಾಧಿಕಾರದ ಕಚೇರಿ ಬಹುತೇಕ ಕಡೆ ಕೋರ್ಟ್ ಆವರಣದಲ್ಲೇ ಇರುತ್ತೆ, 15100 ಅಂತ ಸಹಾಯವಾಣಿಯೂ ಇದೆ. ಆ ಕಚೇರಿ ಮುಂದೇನೇ ದಿನಾ ಓಡಾಡೋ ಕರಿಕೋಟುಗಳಲ್ಲಿ ಒಬ್ಬರಾದ್ರೂ "ಅಮ್ಮಾ, ಅಲ್ಲಿ ಹೋಗಿ ಕೇಳಿ" ಅಂದಿದ್ದನ್ನ ನಾನಂತೂ ಕೇಳಿಲ್ಲ.

ಗೊತ್ತಿಲ್ಲದಿದ್ರೆ "ಇದು ನನ್ನ ಫೀಲ್ಡ್ ಅಲ್ಲ" ಅನ್ನಿ, ಬೇರೆಯವರ ಹತ್ರ ಹೋಗ್ತೀವಿ. ಬಿಡುವಿಲ್ಲದಿದ್ರೆ ಅದನ್ನೂ ಹೇಳಿ. ಏನೂ ಹೇಳದೆ ಕಾಯಿಸಿ ಕಾಯಿಸಿ ನಮ್ಮ ಗಡುವು ದಾಟಿಸೋ ಅಧಿಕಾರ ನಿಮಗೆ ಯಾರು ಕೊಟ್ರು?